ಕೇರಿಯ ಓಟು, 1977

1977ರ ಮಾರ್ಚ್. ಬಿಸಿಲು ಇನ್ನೂ ಏರಿಲ್ಲ. ನೀವು ನಂಜನಗೂಡಿನ ಹಳೇ ಸೇತುವೆಯ ಮೇಲೆ ನಿಂತಿದ್ದೀರಿ. ದಳವಾಯಿ ದೇವರಾಜಯ್ಯನವರು 1735ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆ ಇದು. ರೈಲೂ ಇದರ ಮೇಲೆಯೇ, ಎತ್ತಿನ ಗಾಡಿಯೂ ಇದರ ಮೇಲೆಯೇ. ಕೆಳಗೆ ಕಪಿಲೆ ಸೊರಗಿದ್ದಾಳೆ. ಮುಡಿ ಕೊಟ್ಟು ಬಂದವರು ಮೆಟ್ಟಿಲ ಬಳಿ ಮುಳುಗು ಹಾಕುತ್ತಿದ್ದಾರೆ. ಶ್ರೀಕಂಠೇಶ್ವರನ ದೊಡ್ಡ ಜಾತ್ರೆ ಹತ್ತಿರ ಬಂದಿದೆ, ಪಂಚ ಮಹಾರಥಗಳು ಹೊರಡಬೇಕು. ಅದಕ್ಕೂ ಮೊದಲು ಚುನಾವಣೆ ಬಂದು ನಿಂತಿದೆ.

ಧೂಳೆಬ್ಬಿಸಿಕೊಂಡು ಕಾಂಗ್ರೆಸ್ಸಿನ ಒಂದು ಜೀಪು ಬರುತ್ತದೆ. ಮೇಲೆ ಧ್ವನಿವರ್ಧಕದ ಬಾಯಿ. ‘ಹಸು-ಕರುವಿನ ಗುರುತಿಗೇ ನಿಮ್ಮ ಮತ.’ ಸ್ವಲ್ಪ ಹೊತ್ತಿಗೆ ಇನ್ನೊಂದು, ಜನತಾ ಪಕ್ಷದ್ದು. ‘ಚಕ್ರದೊಳಗಿನ ನೇಗಿಲು ಹೊತ್ತ ರೈತ. ಪ್ರಜಾಪ್ರಭುತ್ವ ಉಳಿಸಿ.’ ಎರಡನೆಯ ದನಿಯಲ್ಲಿ ಕಾತರ ಹೆಚ್ಚು. ಆ ಕಾತರಕ್ಕೆ ಕಾರಣವಿದೆ, ಅದು ನಿಮಗೂ ಗೊತ್ತಿದೆ.

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿಯವರ ಆಯ್ಕೆಯನ್ನು ರದ್ದು ಮಾಡಿತು. 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಮರುದಿನ ಬೆಂಗಳೂರಿನಲ್ಲೇ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಹಿಡಿದು ಸೆರೆಮನೆಗೆ ಕಳಿಸಿದರು. ಪತ್ರಿಕೆಗಳ ಮೇಲೆ ಸೆನ್ಸಾರ್ ಬಿತ್ತು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಕೂಡ ಕೈಚೆಲ್ಲಿತು: ಬಂಧನ ಅಕ್ರಮವೆಂದು ದೂರಿ ಯಾರೂ ಕೋರ್ಟಿಗೆ ಬರುವಂತಿಲ್ಲ ಎಂದಿತು. ಇದನ್ನು ಒಪ್ಪದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. ‘ಸಂಸ್ಕಾರ’ ಚಿತ್ರದ ಚಂದ್ರಿ, ಸ್ನೇಹಲತಾ ರೆಡ್ಡಿ, ಬೆಂಗಳೂರಿನ ಜೈಲಿನಲ್ಲಿ ಆಸ್ತಮಾದಿಂದ ನರಳಿ ಪೆರೋಲ್ ಮೇಲೆ ಹೊರಬಂದರು. ಕೆಲವೇ ದಿನಕ್ಕೆ, ಇದೇ ಜನವರಿ 20ರಂದು, ತೀರಿಕೊಂಡರು. ಈಗ ಚುನಾವಣೆ ನಡೆಯುತ್ತಿದೆ, ಆದರೆ ತುರ್ತು ಪರಿಸ್ಥಿತಿ ಇನ್ನೂ ಕಾಗದದ ಮೇಲೆ ಜಾರಿಯಲ್ಲೇ ಇದೆ.

ಇದೆಲ್ಲ ತಲೆಯಲ್ಲಿ ತುಂಬಿಕೊಂಡೇ ನೀವು ಪೇಟೆ ಬೀದಿ ದಾಟಿ ಹಳ್ಳಿಯ ಹಾದಿ ಹಿಡಿಯುತ್ತೀರಿ. ರಸಬಾಳೆಯ ತೋಟ, ಕಬ್ಬು, ಅಲ್ಲಲ್ಲಿ ಹಿಪ್ಪುನೇರಳೆ. ಬೀಚನಹಳ್ಳಿಯಲ್ಲಿ ಕಪಿಲೆಗೆ, ಅಂದರೆ ಕಬಿನಿಗೆ, ಅಣೆಕಟ್ಟು ಎದ್ದು ಇನ್ನೂ ಮೂರು ವರ್ಷ. ನಾಲೆಯ ಹಸಿರು ಎಲ್ಲರ ಹೊಲಕ್ಕೂ ಬಂದಿಲ್ಲ. ಊರು ಮೊದಲು ಸಿಗುತ್ತದೆ, ಹೆಂಚಿನ ಮನೆಗಳು, ಎತ್ತರದ ಜಗಲಿ. ಊರು ಮುಗಿದು ಒಂದಿಷ್ಟು ಬಯಲು ಕಳೆದ ಮೇಲೆ ಕೇರಿ. ಗುಡಿಸಲುಗಳ ನಡುವೆ ಸಾಲಾಗಿ, ಸರ್ಕಾರ ಬಡವರಿಗೆಂದು ಕಟ್ಟಿಸಿದ ಕೆಲವು ಜನತಾ ಮನೆಗಳು, ಇನ್ನೂ ಸುಣ್ಣದ ವಾಸನೆ.

ಒಂದು ಜನತಾ ಮನೆಯ ಮುಂದೆ ಮುದುಕಿಯೊಬ್ಬಳು ರಾಗಿ ಕೇರುತ್ತಾ ಕೂತಿದ್ದಾಳೆ. ಇಲ್ಲಿ ಯಾರ ಹೆಸರನ್ನೂ ಹೇಳುವುದಿಲ್ಲ. ಹಲವು ಮನೆಗಳ ಬದುಕನ್ನು ಕೂಡಿಸಿ ಒಂದು ಬಾಗಿಲ ಮುಂದೆ ಕೂರಿಸಿದ್ದೇನೆ. ಇಂಥ ಅವ್ವ, ಇಂಥ ಮಗ ಈ ಸೀಮೆಯ ಊರೂರಿನಲ್ಲೂ ಇದ್ದರು. ನೀವು ಹತ್ತಿರ ಹೋದಾಗ ಅವಳು ಏಳಲು ನೋಡುತ್ತಾಳೆ. ಬೇಡ ಎಂದು ಕೈ ಅಡ್ಡ ಹಿಡಿಯುತ್ತೀರಿ.

‘ಯಾರಿಗವ್ವ ಈ ಸಲ ಓಟು?’

‘ಇಂದ್ರಮ್ಮಂಗೆ ಕನ ಬುದ್ದಿ. ಇನ್ಯಾರ್ಗಾಕನ?’

‘ಆಯಮ್ಮ ದೊಡ್ಡ ದೊಡ್ಡವರನ್ನೆಲ್ಲ ಜೈಲಿಗೆ ಹಾಕಿದಾಳಂತಲ್ಲ.’

ಮೊರ ನಿಲ್ಲುತ್ತದೆ. ‘ನಮ್ಮೋರ್ನ ಯಾರ್ನಾರ ಹಾಕವ್ಳಾ?’ ಎಂದು ಕೇಳುತ್ತಾಳೆ. ನಿಜವಾಗಿ ತಿಳಿದುಕೊಳ್ಳಬೇಕೆಂಬ ಪ್ರಶ್ನೆ. ನಿಮ್ಮ ಬಳಿ ಉತ್ತರವಿಲ್ಲ. ಆಮೇಲೆ ಅವಳೇ ಮಗನ ಕಥೆ ಹೇಳುತ್ತಾಳೆ. ಅವನ ಅಕ್ಕನ ಮದುವೆಗೆ ತಂದ ಸಾಲಕ್ಕೆ ಅವನು ಜೀತಕ್ಕೆ ಹೋದವನು. ಹೊಟ್ಟೆಗೆ ಹಿಟ್ಟು, ವರ್ಷಕ್ಕೊಂದು ಕಂಬಳಿ. ಸಾಲ ಎಷ್ಟಿತ್ತು, ಎಷ್ಟು ತೀರಿತು, ಲೆಕ್ಕ ಬರೆದವರಿಗೇ ಗೊತ್ತು. ಮಲಗುತ್ತಿದ್ದುದು ಯಜಮಾನರ ಕೊಟ್ಟಿಗೆಯಲ್ಲಿ. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆಯಾಗಿ, 1976ರಲ್ಲಿ ಕಾಯ್ದೆಯಾಗಿ, ಜೀತ ರದ್ದಾಯಿತು. ಸಾಲವೂ ರದ್ದು. ತಾಲ್ಲೂಕು ಕಚೇರಿಯ ಜೀಪು ಕೇರಿಗೆ ಬಂದು ಹೇಳಿಹೋಯಿತು. ಮಗ ಮನೆಗೆ ಬಂದ.

ಎಲ್ಲ ಕೇರಿಗಳಿಗೂ ಆ ಜೀಪು ಬರಲಿಲ್ಲ. ಕಾಯ್ದೆ ಬಂದ ಮೇಲೂ ಜೀತ ಬೇರೆ ಬೇರೆ ಹೆಸರಿನಲ್ಲಿ ಬಹಳ ಕಾಲ ಉಳಿಯಿತು. ಇದನ್ನು ಮರೆಸಿ ಆ ಕಾಲವನ್ನು ಹೊಗಳಿದರೆ ಸುಳ್ಳಾಗುತ್ತದೆ. ಆದರೆ ಜೀಪು ಬಂದ ಕೇರಿಯಲ್ಲಿ ಕೂತು ನೋಡಿ. ಸ್ವಾತಂತ್ರ್ಯ ಬಂದು ಮೂವತ್ತು ವರ್ಷ ಆಗುತ್ತಾ ಬಂದಿದೆ, ಸರ್ಕಾರದ ಜೀಪು ಯಜಮಾನರ ಜಗಲಿಯ ಮುಂದೆ ನಿಲ್ಲದೆ ನೇರ ಇಲ್ಲಿಗೆ ಬಂದಿದೆ. ನ್ಯಾಯಾಲಯದ ಬಾಗಿಲು ಮುಚ್ಚಿತು ಎಂದು ನೀವು ಕೊರಗುತ್ತೀರಿ. ಅದು ಯಾವತ್ತು ತನಗೆ ತೆರೆದಿತ್ತೆಂದು ಈ ಅವ್ವನಿಗೆ ನೆನಪಿಲ್ಲ. ಪತ್ರಿಕೆಯ ಬಾಯಿ ಕಟ್ಟಿದರು ಎನ್ನುತ್ತೀರಿ. 1971ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಅಕ್ಷರ ಬಲ್ಲವರು ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು. ಕೇರಿಯ ಹೆಂಗಸರಲ್ಲಿ ಹುಡುಕಬೇಕು.

ಮನೆಯೊಳಗೆ ಒಂದು ಹಿತ್ತಾಳೆ ಹಂಡೆ ಹೊಳೆಯುತ್ತಿದೆ. ಅದು ಒಮ್ಮೆ ಅಡವಿಗೆ ಹೋಗಿ ಮರಳಿ ಬಂದದ್ದು. 1976ರ ಸಾಲ ಪರಿಹಾರ ಕಾಯ್ದೆ ಬಡವರ ಖಾಸಗಿ ಸಾಲ ಮನ್ನಾ ಮಾಡಿ, ಅಡವಿಟ್ಟ ವಸ್ತು ಹಿಂದಿರುಗಿಸಬೇಕೆಂದಿತು. ಆಮೇಲೆ ಸಾಹುಕಾರರು ಕೈ ಮುಚ್ಚಿದರು, ಬ್ಯಾಂಕು ಇಲ್ಲಿಗೆ ಬರಲಿಲ್ಲ, ಕಾಯಿಲೆಗೆ ಕಾಸಿಲ್ಲದೆ ಪರದಾಡಿದವರೂ ಇದ್ದಾರೆ. ಅವ್ವ ಅದನ್ನೂ ಹೇಳುತ್ತಾಳೆ. ಆದರೂ ಹಂಡೆಯ ಕಡೆ ನೋಡುವಾಗ ಅವಳ ಮುಖ ಬೇರೆಯಾಗುತ್ತದೆ.

ಕೇರಿಯಿಂದ ಊರಿಗೆ ಮರಳುತ್ತೀರಿ. ಚಕ್ರದ ಬಾವುಟ ಕಟ್ಟಿದ ಜೀಪು ಒಂದು ದೊಡ್ಡ ಜಗಲಿಯ ಮುಂದೆ ನಿಂತಿದೆ. ಯಜಮಾನರು ಮಜ್ಜಿಗೆ ತರಿಸಿ ಕೊಡುತ್ತಾರೆ. ಮಾತು ಬಲ್ಲವರು. ಸಂವಿಧಾನದ 42ನೇ ತಿದ್ದುಪಡಿಯಿಂದ ಏನೇನು ಕೆಟ್ಟಿತೆಂದು ಬಿಡಿಸಿ ಹೇಳುತ್ತಾರೆ. ಹೇಳಿದ್ದೆಲ್ಲ ಸರಿ. ಆ ಮಾತನ್ನೇ ಕೇರಿಯಲ್ಲಿ ನಿಂತು ಹೇಳಿ ನೋಡಿ. ಅಲ್ಲಿನವರು ಮಾತು ಕೇಳುವ ಮೊದಲು ಮಾತಾಡುವವರ ಮುಖ ನೋಡುತ್ತಾರೆ. ಕೊಟ್ಟಿಗೆಯಲ್ಲಿ ಜೀತದವನನ್ನು ಇಟ್ಟುಕೊಂಡಿದ್ದ ಜಗಲಿಯಿಂದಲೇ ಪ್ರಜಾಪ್ರಭುತ್ವದ ಮಾತು ಬಂದರೆ, ಅದು ಜಗಲಿಯವರ ಪಕ್ಷ ಎಂದೇ ಅವರಿಗೆ ತಿಳಿಯುತ್ತದೆ. 1969ರಲ್ಲಿ ಕಾಂಗ್ರೆಸ್ ಒಡೆದಾಗ ಕರ್ನಾಟಕದ ಭೂಮಾಲೀಕ ವರ್ಗದ ಬಹುಪಾಲು ಮುಂದಾಳುಗಳು ನಿಜಲಿಂಗಪ್ಪನವರ ಕಡೆ, ಸಂಸ್ಥಾ ಕಾಂಗ್ರೆಸ್ಸಿನಲ್ಲಿ ಉಳಿದರು. ಆ ಸಂಸ್ಥಾ ಕಾಂಗ್ರೆಸ್ ಈಗ ಜನತಾ ಪಕ್ಷದೊಳಗೆ ಸೇರಿದೆ. ಜೈಲು ಕಂಡು ಬಂದ ಪ್ರಾಮಾಣಿಕರು ಆ ಪಕ್ಷದಲ್ಲಿ ಬಹಳ ಮಂದಿ ಇದ್ದರು. ಮೈಸೂರಿನಲ್ಲಿ ಸಮಾಜವಾದಿ ಲೋಹಿಯಾ ಹಾದಿಯ ಹುಡುಗರು ಜಾತಿಯ ವಿರುದ್ಧವೂ ತುರ್ತು ಪರಿಸ್ಥಿತಿಯ ವಿರುದ್ಧವೂ ಒಂದೇ ಉಸಿರಿನಲ್ಲಿ ಮಾತಾಡುತ್ತಿದ್ದರು. ಇದೇ ನಂಜನಗೂಡು ತಾಲ್ಲೂಕಿನ ದೇವನೂರಿನಿಂದ ಹೋದ ಮಹಾದೇವ ಆಗಲೇ ‘ದ್ಯಾವನೂರು’ ಕಥೆಗಳನ್ನು ಬರೆದಿದ್ದರು. ಆದರೆ ಆ ಹುಡುಗರ ಹತ್ತಿರ ಜೀಪು ಇರಲಿಲ್ಲ. ಹಳ್ಳಿಗೆ ಬಂದದ್ದು ಜಗಲಿಯವರ ಜೀಪು.

ಮಧ್ಯಾಹ್ನದ ಬಸ್ಸು ಹತ್ತಿ. ಕಪಿಲೆ ಹರಿಯುವ ಕಡೆಗೇ ಈಶಾನ್ಯಕ್ಕೆ ಹೋದರೆ ತಿರುಮಕೂಡಲು ನರಸೀಪುರ. ಕಪಿಲೆ ಕಾವೇರಿಯನ್ನು ಕೂಡುವ ಜಾಗ. ದಡದಲ್ಲಿ ಗುಂಜಾ ನರಸಿಂಹನ ಗುಡಿ, ಆಚೆ ಅಗಸ್ತ್ಯೇಶ್ವರ. ನದಿಯ ಎರಡು ದಡದ ಗದ್ದೆಗಳಿಗೆ ಹಳೇ ಕಾಲುವೆಗಳ ನೀರುಂಟು. ನೀರಿರುವ ಕಡೆ ಗೇಣಿ, ವಾರದ ಲೆಕ್ಕವೂ ಉಂಟು.

ತಾಲ್ಲೂಕು ಕಚೇರಿಯ ಹತ್ತಿರ ಸ್ವಲ್ಪ ನಿಲ್ಲಿ. ಚುನಾವಣೆಯೆಂದು ಇವತ್ತು ಭೂನ್ಯಾಯ ಮಂಡಳಿ ಕೂತಿಲ್ಲ. ಹೋದ ವರ್ಷದ ಒಂದು ದಿನವನ್ನು ಊಹಿಸಿಕೊಳ್ಳಿ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯ ಪ್ರಕಾರ ಗೇಣಿ ಪದ್ಧತಿ ಮುಗಿಯಿತು, ಉಳುವವನೇ ಹೊಲದೊಡೆಯ. ನಮೂನೆ 7ರಲ್ಲಿ ಅರ್ಜಿ ಹಾಕಬೇಕು. ರಾಜ್ಯದಲ್ಲಿ ಅಂಥ ಅರ್ಜಿಗಳು ಎಂಟು ಲಕ್ಷ ದಾಟಿದವು. ಮೇಜಿನ ಹಿಂದೆ ಅಸಿಸ್ಟೆಂಟ್ ಕಮಿಷನರ್, ಪಕ್ಕದಲ್ಲಿ ಸರ್ಕಾರ ನೇಮಿಸಿದ ಸಾರ್ವಜನಿಕ ಸದಸ್ಯರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಒಳಗೆ ಪ್ರವೇಶವಿಲ್ಲ. ಹೀಗೆ ಮಾಡಿದ್ದು ಏಕೆಂದು ಬಾಗಿಲಲ್ಲಿ ನಿಂತವನಿಗೆ ಅರ್ಥವಾಗುತ್ತದೆ. ವಕೀಲರನ್ನು ಬಿಟ್ಟಿದ್ದರೆ ಗೇಣಿದಾರ ಮೊದಲ ವಾಯಿದೆಗೇ ಸೋಲುತ್ತಿದ್ದ.

‘ಎಷ್ಟು ವರ್ಷದಿಂದ ಉಳ್ತಾ ಇದೀಯಪ್ಪ?’

ಅವನು ಹೆಗಲ ಮೇಲಿನ ಟವಲನ್ನು ಅಭ್ಯಾಸ ಬಲದಿಂದ ಕಂಕುಳಿಗೆ ಸೇರಿಸುತ್ತಾನೆ. ಎದುರಿಗೆ ಒಡೆಯರು. ಹೇಳಲೋ ಬೇಡವೋ ಎಂದು ತಡವರಿಸುತ್ತಾನೆ. ‘ನಮ್ಮಪ್ಪನ ಕಾಲದಿಂದ ಬುದ್ದಿ.’ ‘ರಸೀದಿ ಇದೆಯಾ?’ ರಸೀದಿ ಎಲ್ಲಿಂದ ಬರಬೇಕು? ಗೇಣಿಗೆ ರಸೀದಿ ಕೊಟ್ಟ ಒಡೆಯರಿಲ್ಲ. ಮಂಡಳಿ ಪಕ್ಕದ ಹೊಲದವರನ್ನು ಕೇಳುತ್ತದೆ. ಪಕ್ಕದ ಹೊಲದವನು ಒಡೆಯರ ಮುಖ ನೋಡುತ್ತಾನೆ, ನೆಲ ನೋಡುತ್ತಾನೆ, ಆಮೇಲೆ ನಿಜ ಹೇಳುತ್ತಾನೆ.

ಹೀಗೆ ಗೆದ್ದವರು ಈ ಭಾಗದಲ್ಲಿ ಕರಾವಳಿಯಷ್ಟು ಇಲ್ಲ. ದಕ್ಷಿಣ ಕನ್ನಡ, ಉತ್ತರ ಕನ್ನಡದಲ್ಲಿ ಗೇಣಿಯ ಹೊಲವೇ ಹೆಚ್ಚು, ಆದ್ದರಿಂದ ಅಲ್ಲಿ ಬದುಕೇ ಮಗುಚಿಬಿತ್ತು. ಹಳೇ ಮೈಸೂರಿನಲ್ಲಿ ಸ್ವಂತ ಸಾಗುವಳಿ ಹೆಚ್ಚು, ಕೂಲಿಯವರಿಗೆ ನಮೂನೆ 7ರಿಂದ ಏನೂ ಬರಲಿಲ್ಲ. ಹಾಗಿದ್ದರೂ ಆ ಮೇಜಿನ ಮುಂದೆ ಒಡೆಯ ಉತ್ತರ ಹೇಳುವುದನ್ನು ಕಂಡವರು ಊರಿಗೆ ಹೋಗಿ ಅದನ್ನು ಹತ್ತು ಮಂದಿಗೆ ಹೇಳಿದರು. ಭೂಮಿ ಸಿಗದವನಿಗೂ ಆ ಸುದ್ದಿ ಸಿಕ್ಕಿತು. ನನ್ನ ಮಟ್ಟಿಗೆ ಆ ಓಟಿನ ಬೇರು ಇರುವುದು ಇಲ್ಲಿ.

ಇನ್ನೂ ಒಂದು ಸುದ್ದಿ ಬಿಸಿಬಿಸಿಯಾಗಿದೆ. ಎಲ್.ಜಿ. ಹಾವನೂರರ ಹಿಂದುಳಿದ ವರ್ಗಗಳ ಆಯೋಗ 1975ರ ನವೆಂಬರಿನಲ್ಲಿ ಕೊಟ್ಟ ವರದಿಯ ಮೇಲೆ ಮುಖ್ಯಮಂತ್ರಿ ದೇವರಾಜ ಅರಸು ಸರ್ಕಾರ ಮೀಸಲಾತಿ ಆದೇಶ ಹೊರಡಿಸಿದ್ದು 1977ರ ಫೆಬ್ರುವರಿ 22ರಂದು, ಓಟಿಗೆ ಒಂದು ತಿಂಗಳೂ ಇಲ್ಲದಾಗ. ಕುರುಬರು, ಉಪ್ಪಾರರು, ಬೆಸ್ತರು, ಮಡಿವಾಳರು ಪಟ್ಟಿಯಲ್ಲಿ ತಮ್ಮ ಹೆಸರು ಇದೆಯೇ ಎಂದು ಓದಿಸಿ ಕೇಳುತ್ತಿದ್ದಾರೆ. ನಂಜನಗೂಡು ಸೀಮೆಯಲ್ಲಿ ದೊಡ್ಡ ಸಂಖ್ಯೆಯ ಲಿಂಗಾಯತರು ಆ ಪಟ್ಟಿಯಿಂದ ಹೊರಗೆ, ಅವರಲ್ಲಿ ಬಡವರಿಗೂ ಸಿಟ್ಟು ಬಂದಿದೆ. ಆ ಸಿಟ್ಟೂ ನ್ಯಾಯದ್ದೇ. ಮಂತ್ರಿಯಾಗಿ ಪೌರಾಡಳಿತ ನೋಡಿಕೊಳ್ಳುತ್ತಿದ್ದಾಗ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದ್ದು ಪುರಸಭೆಯ ಪೌರಕಾರ್ಮಿಕರ ಬೀದಿಯಲ್ಲಿ ಇವತ್ತಿಗೂ ಮಾತು.

ಓಟಿನ ದಿನ. ಶಾಲೆಯ ಕೊಠಡಿ. ಗಂಡಸರದೊಂದು ಸಾಲು, ಹೆಂಗಸರದೊಂದು. ಮತಗಟ್ಟೆ ಅಧಿಕಾರಿ ಬೆರಳಿಗೆ ಶಾಯಿ ಹಚ್ಚುತ್ತಾರೆ. ದೇಶದ ಎಲ್ಲ ಬೆರಳಿಗೂ ಹೋಗುವ ಈ ಶಾಯಿ ತಯಾರಾಗುವುದು ಮೈಸೂರಿನಲ್ಲೇ, ಬಣ್ಣ ಮತ್ತು ಅರಗಿನ ಕಾರ್ಖಾನೆಯಲ್ಲಿ. ಮತಪತ್ರ ಕೈಗೆ ಬರುತ್ತದೆ. ಮರೆಯ ಹಿಂದೆ ಮೇಜು, ಮುದ್ರೆ. ಮರೆ ಎಂದರೆ ಗೋಣಿತಾಟು. ಯಜಮಾನರು ಹೇಳಿದ ಕಡೆ ಒತ್ತಿ ಬಂದವರ ಮಗ ಆ ಗೋಣಿತಾಟಿನ ಹಿಂದೆ ಒಬ್ಬನೇ ನಿಂತಿದ್ದಾನೆ. ಒಳಗೆ ಅವನು ಏನು ಮಾಡಿದನೆಂದು ಜಗಲಿಗೆ ಗೊತ್ತಾಗದು. ಸ್ವಾತಂತ್ರ್ಯವನ್ನು ಅಮಾನತಿನಲ್ಲಿಟ್ಟ ಪಕ್ಷಕ್ಕೆ ಮುದ್ರೆ ಒತ್ತುವಾಗ ಅವನು ಅನುಭವಿಸುತ್ತಿರುವುದು ಸ್ವಾತಂತ್ರ್ಯವನ್ನೇ. ಈ ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳದಿದ್ದರೆ 1977ರ ಕರ್ನಾಟಕ ನಮಗೆ ತಿಳಿಯುವುದಿಲ್ಲ.

ಯುಗಾದಿಯ ಹೊತ್ತಿಗೆ ಫಲಿತಾಂಶ. ರೇಡಿಯೊ ಇರುವ ಹೋಟೆಲಿನ ಮುಂದೆ ಜನ. ರಾಯ್ ಬರೇಲಿಯಲ್ಲಿ ಇಂದಿರಾ ಗಾಂಧಿ ರಾಜ್ ನಾರಾಯಣ್ ಎದುರು ಸೋತರು. ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋಯಿತು, ಇಡೀ ದೇಶದಲ್ಲಿ ಉಳಿದದ್ದು 154 ಸ್ಥಾನ. ಆದರೆ ಕರ್ನಾಟಕದ 28ರಲ್ಲಿ 26 ಅದಕ್ಕೇ. ನಂಜನಗೂಡು, ತಿ. ನರಸೀಪುರ ಎರಡೂ ಸೇರಿದ ಚಾಮರಾಜನಗರ ಮೀಸಲು ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಬಿ. ರಾಚಯ್ಯ ಗೆದ್ದರು. ಜನತಾ ಪಕ್ಷಕ್ಕೆ ಬಂದ ಎರಡು ಸ್ಥಾನಗಳಲ್ಲಿ ಒಂದು ಬೆಂಗಳೂರು ದಕ್ಷಿಣ. 1973ರಲ್ಲಿ ಇಂದಿರಾ ಸರ್ಕಾರ ಹಿಂದೆ ತಳ್ಳಿದ ನ್ಯಾಯಮೂರ್ತಿಗಳಲ್ಲಿ ಒಬ್ಬರಾದ ಕೆ.ಎಸ್. ಹೆಗ್ಡೆಯವರನ್ನು ಅಲ್ಲಿನ ಮತದಾರರು ಕಳಿಸಿಕೊಟ್ಟರು. ಕೋರ್ಟು, ಪತ್ರಿಕೆ ಕೈಗೆಟುಕುವ ದೂರದಲ್ಲಿದ್ದವರಿಗೆ ಅವು ಹೋದದ್ದು ಕಾಣಿಸಿತು.

ದಕ್ಷಿಣದವರಿಗೆ ಬುದ್ಧಿಯಿಲ್ಲ, ಓದುಬರಹವಿಲ್ಲ, ಇಂದಿರಮ್ಮನ ಮೋಡಿಗೆ ಮರುಳಾದರು ಎಂಬ ಮಾತು ಆಗಲೂ ಇತ್ತು, ಈಗಲೂ ಇದೆ. ಇದನ್ನು ನಾನು ಒಪ್ಪುವುದಿಲ್ಲ. ಉತ್ತರದ ರೈತ ಓಟು ಹಾಕಿದ್ದು ಮೊದಲಿಗೆ ಸಂವಿಧಾನದ ವಿಧಿಗಳನ್ನು ನೋಡಿ ಅಲ್ಲ. ಹರಿಯಾಣ, ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಗಂಡಸರನ್ನು ಹಿಡಿದು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ್ದರು. ದಿಲ್ಲಿಯ ತುರ್ಕ್‌ಮನ್ ಗೇಟಿನಲ್ಲಿ ಬುಲ್ಡೋಜರ್ ಬಂದಿತ್ತು. ಅಲ್ಲಿ ಸರ್ಕಾರದ ಜೀಪು ಬಂತೆಂದರೆ ಹೊಲಕ್ಕೆ ಓಡಬೇಕಿತ್ತು. ಇಲ್ಲೂ ಶಸ್ತ್ರಚಿಕಿತ್ಸೆಗೆ ಗುರಿ ಇತ್ತು, ಆದರೆ ದೇವರಾಜ ಅರಸು ಆ ಬಲವಂತವನ್ನು ಆ ಮಟ್ಟಕ್ಕೆ ಬಿಡಲಿಲ್ಲ. ಎರಡು ಕಡೆಯ ಜನರೂ ತಮ್ಮ ಬಾಗಿಲಿಗೆ ಬಂದ ಸರ್ಕಾರವನ್ನು ನೋಡಿಯೇ ತೀರ್ಪು ಕೊಟ್ಟರು.

ಸ್ವಾತಂತ್ರ್ಯವನ್ನು ಅಮಾನತಿನಲ್ಲಿಟ್ಟವರನ್ನೇ ಜನ ಆರಿಸುವುದು ಬೇರೆ ನಾಡುಗಳಲ್ಲೂ ನಡೆದಿದೆ, ನಡೆಯುತ್ತಿದೆ. 2024ರಲ್ಲಿ ಎಲ್ ಸಾಲ್ವಡಾರ್‌ನ ಜನ ತುರ್ತು ಪರಿಸ್ಥಿತಿ ಹೇರಿದ್ದ ನಯೀಬ್ ಬುಕೆಲೆಯನ್ನೇ ಭಾರಿ ಬಹುಮತದಿಂದ ಮತ್ತೆ ಆರಿಸಿದರು. ಬೀದಿಯ ರೌಡಿ ತಂಡಗಳಿಗೆ ಮಾಮೂಲು ಕೊಟ್ಟು ಬದುಕಿದವರಿಗೆ, ಆ ತಂಡಗಳನ್ನು ಸೆರೆಗೆ ತಳ್ಳಿದವನೇ ದೊಡ್ಡವನಾಗಿ ಕಂಡ.

ಇಷ್ಟು ಹೇಳಿದ ಮೇಲೆ ನನ್ನ ನೋವನ್ನೂ ಹೇಳಬೇಕು. ಕೇರಿಗೆ ಬಂದದ್ದು ಹಕ್ಕು. ಅದು ಬಂದ ರೀತಿ ಮಾತ್ರ ತಾಯಿ ಕೊಟ್ಟ ಕೊಡುಗೆಯಂತೆ. ಇಂದ್ರಮ್ಮ ಮನೆ ಕೊಟ್ಟಳು, ಇಂದ್ರಮ್ಮ ಮಗನನ್ನು ಬಿಡಿಸಿದಳು. 1978ರ ಫೆಬ್ರುವರಿಯ ವಿಧಾನಸಭಾ ಚುನಾವಣೆಯಲ್ಲಿ ಹಸು-ಕರು ಹೋಗಿ ಹಸ್ತ ಬಂದಿತ್ತು, ಇಂದಿರಾ ಕಾಂಗ್ರೆಸ್ಸಿಗೆ 224ರಲ್ಲಿ 149 ಬಂತು. ಅದೇ ವರ್ಷದ ನವೆಂಬರಿನಲ್ಲಿ ಚಿಕ್ಕಮಗಳೂರು ಇಂದಿರಾ ಅವರನ್ನು ವೀರೇಂದ್ರ ಪಾಟೀಲರ ಎದುರು ಗೆಲ್ಲಿಸಿ ಸಂಸತ್ತಿಗೆ ಮರಳಿ ಕಳಿಸಿತು. ಪರಿಶಿಷ್ಟರಿಗೆ ಮಂಜೂರಾದ ಭೂಮಿಯನ್ನು ಬೇರೆಯವರು ಕಸಿಯದಂತೆ 1978ರಲ್ಲೇ ಕಾಯ್ದೆ ಮಾಡಿದ್ದೂ ಅರಸು ಸರ್ಕಾರ. ಆದರೆ 1979ರಲ್ಲಿ ಅರಸು ಇಂದಿರಾ ಅವರಿಂದ ಬೇರೆಯಾದರು. 1980ರ ಜನವರಿಯಲ್ಲಿ ಇಂದಿರಾ ಪಕ್ಷಕ್ಕೆ ಕರ್ನಾಟಕದಲ್ಲಿ 27 ಸ್ಥಾನ, ಅರಸು ಪಕ್ಷಕ್ಕೆ ಒಂದೂ ಇಲ್ಲ. ಹುಣಸೂರಿನ ಕಲ್ಲಹಳ್ಳಿಯ ಆ ಮನುಷ್ಯ, ಅರ್ಜಿ ನಮೂನೆಯಿಂದ ಮಂಡಳಿಯವರೆಗೆ ಎಲ್ಲವನ್ನೂ ಕಟ್ಟಿದವರು, ತಮ್ಮದೇ ಜಿಲ್ಲೆಯ ನಂಜನಗೂಡಿನ ಕೇರಿಯಲ್ಲೂ ಆ ದಿನ ಪರಕೀಯರಾದರು. 1982ರ ಜೂನ್ 6ರಂದು ತೀರಿಕೊಂಡರು. ಹಕ್ಕು ಒಬ್ಬ ವ್ಯಕ್ತಿಯ ಹೆಸರಿಗೆ ಅಂಟಿಕೊಂಡಾಗ ಹೀಗಾಗುತ್ತದೆ: ಜನ ಹೆಸರನ್ನು ಕಾಯುತ್ತಾರೆ, ಹಕ್ಕನ್ನು ಕಾಯುವ ಸಂಸ್ಥೆಗಳನ್ನು ಯಾರೂ ಕಾಯುವುದಿಲ್ಲ. ಸ್ನೇಹಲತಾ ರೆಡ್ಡಿ ಜೈಲಿನಲ್ಲಿ ನರಳಿದ್ದು ನಿನ್ನಂಥವರ ಪರವಾಗಿಯೂ ಎಂದು ಆ ಅವ್ವನಿಗೆ ಹೇಳಿದವರು ಯಾರೂ ಇರಲಿಲ್ಲ.

ಆ ಜನ ಇಂದಿರಾ ಕಾಂಗ್ರೆಸ್ಸಿಗೆ ಕೊನೆತನಕ ಕಟ್ಟುಬಿದ್ದವರೂ ಅಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ಆಯಿತು. 1983ರ ಜನವರಿಯಲ್ಲಿ ಇದೇ ರಾಜ್ಯದ ಮತದಾರರು ಕಾಂಗ್ರೆಸ್ಸನ್ನು ಮೊದಲ ಬಾರಿಗೆ ವಿಧಾನಸೌಧದಿಂದ ಇಳಿಸಿದರು. ರಾಚಯ್ಯನವರೂ ಆಮೇಲೆ ಜನತಾ ಸರ್ಕಾರದಲ್ಲಿ ಮಂತ್ರಿಯಾದರು.

ಪ್ರಜಾಪ್ರಭುತ್ವ ಮರಳಿ ಬಂತು, ಕೋರ್ಟು ತೆರೆಯಿತು, ಪತ್ರಿಕೆ ಬರೆಯಿತು. ಹಾಗಿದ್ದೂ 1993ರಲ್ಲಿ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ, ಗಾಂಧೀಜಿ 1927ರಲ್ಲಿ ಬಂದುಹೋದ ಖಾದಿಯ ಊರಿನಲ್ಲಿ, ಗುಡಿಯ ಪ್ರವೇಶದ ಜಗಳ ಬೆಳೆದು ಮೂವರು ದಲಿತರ ಕೊಲೆಯಾಯಿತು. ಸಂವಿಧಾನ ಪೂರ್ತಿ ಜಾರಿಯಲ್ಲಿದ್ದ ಕಾಲ ಅದು. ಕೇರಿಯವರಿಗೆ ಪ್ರಜಾಪ್ರಭುತ್ವದ ಪಾಠ ಹೇಳಲು ಹೊರಡುವ ಯಾರೇ ಆಗಲಿ ಮೊದಲು ಬದನವಾಳಿಗೆ ಹೋಗಿ ಬರಬೇಕು.

1977ರಲ್ಲಿ ಮತದಾನದ ವಯಸ್ಸು 21. ಆಗ ಮೊದಲ ಸಲ ಮುದ್ರೆ ಒತ್ತಿದವರು ಈಗ ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ, ಅವರ ಅವ್ವಂದಿರು ಉಳಿದಿಲ್ಲ. ನಿಮ್ಮ ಮನೆಯಲ್ಲಿ, ನಿಮ್ಮ ಊರಿನಲ್ಲಿ, ಮುಖ್ಯವಾಗಿ ನಿಮ್ಮ ಊರಿನ ಕೇರಿಯಲ್ಲಿ ಅಂಥವರಿದ್ದರೆ ಹೋಗಿ ಕೂತು ಕೇಳಿ. ಯಾರಿಗೆ ಓಟು ಹಾಕಿದಿರಿ, ಯಾಕೆ ಹಾಕಿದಿರಿ, ಆಮೇಲೆ ಏನಾಯಿತು ಎಂದು ಕೇಳಿ. ನಡುವೆ ಬಾಯಿ ಹಾಕದೆ, ತಿದ್ದದೆ, ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ಈ ವರ್ಷವೇ ಮಾಡಿ.